ಉಸಿರಿರುವಾಗಲೇ ಬಂದ ಹಾರ

"ಹಾರ ಹಿಡ್ಕೊಂಡು ಬಂದ್ರು ಮೇಡಂ," ಅಂದಳು ರಂಜಿನಿ. "ಇವರಿನ್ನೂ ಉಸಿರಾಡ್ತಾ ಇದ್ರು. ಐಸಿಯು ಬಾಗಿಲ ಹತ್ರ ಆಳೆತ್ತರದ ಸುಗಂಧರಾಜ ಹಾರ. ಅದರ ವಾಸನೆ ಮಂಚದ ತನಕ ಬಂತು."

ಸಬ್ ಇನ್‌ಸ್ಪೆಕ್ಟರ್ ಭವಾನಿ ಪೆನ್ನನ್ನು ಮೇಜಿನ ಮೇಲಿಟ್ಟಳು. ಬರೆದುಕೊಳ್ಳುವಂಥ ಮಾತು ಅದಾಗಿರಲಿಲ್ಲ.

ಆಲ್ಕೊಳದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ದುಶ್ಯಂತ್ ಕಳೆದ ಸೋಮವಾರ ಬೆಳಿಗ್ಗೆ ರವೀಂದ್ರನಗರದ ತನ್ನ ಮನೆಯ ತಾರಸಿ ಮೆಟ್ಟಿಲಿಂದ ಉರುಳಿ ಬಿದ್ದು, ಮಧ್ಯಾಹ್ನದ ಹೊತ್ತಿಗೆ ನರ್ಸಿಂಗ್ ಹೋಮಿನಲ್ಲಿ ಕಣ್ಣು ಮುಚ್ಚಿದ್ದ. ನೂಕಿದ್ದು ಹೆಂಡತಿಯೇ ಅಂತ ಅವನ ಅಕ್ಕ ದಾಕ್ಷಾಯಣಮ್ಮ ದೂರು ಕೊಟ್ಟಿದ್ದಳು. ಸಂಜೆಯೊಳಗೆ ರಂಜಿನಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಜೈಲು. ಎರಡನೇ ಕ್ಲಾಸಿನ ಮಗಳು ಪಕ್ಕದ ಮನೆಯವರ ಹತ್ತಿರ ಇದ್ದಳು.

"ಫೋನಲ್ಲಿ ಏನು ಹೇಳಿದೆ, ಇನ್ನೊಂದು ಸಲ ಹೇಳು."

"ಅತ್ತಿಗೆ ನಂಬರಿಗೆ ಮಾಡ್ದೆ. ಎತ್ತಿದ್ದು ಅಣ್ಣ, ಅತ್ತಿಗೆ ಗಂಡ ಜಯಕುಮಾರಣ್ಣ. 'ಇವರು ಸೀರಿಯಸ್, ಹೊಟ್ಟೆಯೊಳಗೆ ರಕ್ತಸ್ರಾವ ಆಗ್ತಿದೆ. ಇವರ ಗುಂಪಿನ ರಕ್ತ ಬ್ಲಡ್ ಬ್ಯಾಂಕಲ್ಲಿಲ್ಲ. ಅತ್ತಿಗೇನ ಕಳಿಸಿ' ಅಂದೆ. 'ಸೋಮವಾರ ಅಂತ ಉಪವಾಸ ಇರ್ತಾರೆ, ಖಾಲಿ ಹೊಟ್ಟೇಲಿ ರಕ್ತ ತಗೊಳ್ಳಲ್ಲ, ಏನಾದ್ರೂ ತಿನ್ನಿಸಿ ಕರ್ಕೊಂಡು ಬನ್ನಿ' ಅಂತಾನೂ ಹೇಳ್ದೆ."

"ಜಯಕುಮಾರ್ ಹೇಳಿಕೆಯಲ್ಲಿ ರಕ್ತದ ಮಾತೇ ಇಲ್ಲ. 'ಸೀರಿಯಸ್ ಅಂದಳು, ಫೋನಿಟ್ಟಳು' ಅಷ್ಟೇ ಇರೋದು."

ರಂಜಿನಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

ಲಕ್ಷಕ್ಕೊಬ್ಬರಿಗೂ ಇರದ ರಕ್ತ ಅದು. ಅಕ್ಕ ತಮ್ಮ ಇಬ್ಬರದೂ ಅದೇ. ಹಿಂದೊಮ್ಮೆ ದಾಕ್ಷಾಯಣಮ್ಮನ ಹೆರಿಗೆ ಕಷ್ಟವಾದಾಗ ದುಶ್ಯಂತನೇ ಮಲಗಿ ಕೊಟ್ಟಿದ್ದನಂತೆ. ಭವಾನಿಯ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಪಂಜರದ ಗಿಳಿಯಲ್ಲಿ ಇರುತ್ತಿತ್ತು. ದುಶ್ಯಂತನ ಪ್ರಾಣಕ್ಕೆ ಸಮುದ್ರ ದಾಟಬೇಕಾಗಿರಲಿಲ್ಲ. ಅದು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಅಕ್ಕನ ಮೈಯಲ್ಲಿ ಬೆಚ್ಚಗೆ ಹರಿಯುತ್ತಿತ್ತು. ಬಸ್ಸು ಹತ್ತಿದರೂ ಬರಬಹುದಾದ ದೂರ. ಬರಲಿಲ್ಲ.

ಹೊರಗೆ ಇನ್‌ಸ್ಪೆಕ್ಟರ್ ಸಾಹೇಬರು ಕಾಯುತ್ತಿದ್ದರು.

"ಏನಂತಾಳೆ?"

"ಅದೇ ಸರ್. ಸೀರಿಯಸ್ ಅಂದೆ, ರಕ್ತಾನೂ ಕೇಳ್ದೆ ಅಂತಾಳೆ."

"ರಕ್ತದ ಮಾತು ಜಯಕುಮಾರ್ ಹೇಳಿಕೇಲಿಲ್ಲ. ನೀನೇ ಹೇಳು, ನಮ್ಮ ಕಡೆ ಫೋನಲ್ಲಿ ಸೀರಿಯಸ್ ಅಂದ್ರೆ ಏನು?"

"ತೀರ್ಕೊಂಡ್ರು ಅಂತ ಸರ್."

"ಮತ್ತೆ? ಬದುಕಿರೋ ಗಂಡನ್ನ ಸತ್ತ ಅಂತ ಸಾರಿದ್ಲು. ಅಕ್ಕ ಅತ್ಕೊಂಡು ಕೂತಳು, ರಕ್ತ ಬರಲಿಲ್ಲ. ಮೆಟ್ಟಿಲಲ್ಲಿ ಅರ್ಧ ಕೊಂದ್ಲು, ಫೋನಲ್ಲಿ ಪೂರ್ತಿ ಕೊಂದ್ಲು. ಇದರಲ್ಲಿ ಹುಡುಕೋದೇನಿದೆ?"

ಹುಡುಕೋದಿತ್ತು. ಆದರೆ ಏನನ್ನು ಅಂತ ಭವಾನಿಗೆ ಗೊತ್ತಿರಲಿಲ್ಲ.

ಸಾಹೇಬರ ಮಾತು ಸುಳ್ಳೂ ಅಲ್ಲ. ಅವಳು ಹಾಸ್ಟೆಲಿನಲ್ಲಿದ್ದಾಗ ಊರಿಂದ ಫೋನ್ ಬಂದಿತ್ತು. 'ಅಜ್ಜಿ ಸೀರಿಯಸ್, ಹೊರಟು ಬಾ.' ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ವಾರ್ಡನ್ ಒಂದು ಮಾತೂ ಆಡದೆ ತಲೆ ಸವರಿದ್ದರು. ದಾರಿಯುದ್ದಕ್ಕೂ ಅವಳು ಅತ್ತಿದ್ದಳು. ಮನೆ ತಲುಪಿದಾಗ ಯಾರೂ ಏನೂ ಹೇಳಬೇಕಾಗಲಿಲ್ಲ. ಸಾವಿನ ಸುದ್ದಿಯನ್ನು ತಂತಿಯಲ್ಲಿ ಕಳಿಸಬಾರದು, ದಾರಿಯಲ್ಲಿ ಬರುವವರ ಎದೆ ಒಡೆಯಬಾರದು ಅಂತ ಹಿರಿಯರು ಇಂಗ್ಲಿಷಿನಿಂದ ಒಂದು ಪದವನ್ನು ಎರವಲು ತಂದು ಅದಕ್ಕೆ ಬಿಳಿ ಬಟ್ಟೆ ಹೊದೆಸಿದ್ದರು.

"ಡಿಕ್ಷನರಿ ನೋಡ್ದೆ ಮೇಡಂ," ಅಂದರು ಹೆಡ್ ಕಾನ್‌ಸ್ಟೇಬಲ್ ಪುಟ್ಟಪ್ಪ, ಮೊಬೈಲ್ ಮುಂದೆ ಹಿಡಿದು. "ಗಂಭೀರ ಅಂತ ಕೊಟ್ಟಿದಾರೆ. ನಮ್ಮನೆಯವಳು ದಿನಾ ಬೈತಾಳೆ, ನೀವು ಯಾವುದನ್ನೂ ಸೀರಿಯಸ್ಸಾಗಿ ತಗೊಳ್ಳಲ್ಲ ಅಂತ. ನಮ್ಮ ತಂಗಿಗೆ ಗಂಡು ನೋಡಿದಾಗ 'ಹುಡುಗ ಬಹಳ ಸೀರಿಯಸ್' ಅಂತ ಹೇಳೇ ಒಪ್ಪಿಸಿದ್ರು. ಒಂದೇ ಪದಕ್ಕೆ ಎಷ್ಟು ವೇಷ ಮಾರಾಯ್ರೇ!"

ಕಿಟಕಿಯಾಚೆ ಕೂತಿದ್ದ ರಂಜಿನಿ ಈ ಕಡೆ ನೋಡಿದಳು. ಮದುವೆಗೆ ಮುಂಚಿನಿಂದಲೂ ಅವಳು ಆಸ್ಪತ್ರೆ ವಾರ್ಡಿನ ನರ್ಸು.

"ನಮ್ಮ ವಾರ್ಡಲ್ಲಿ ಅದಕ್ಕೆ ಒಂದೇ ಅರ್ಥ," ಅಂದಳು. "ಸೀರಿಯಸ್ ಅಂದ್ರೆ ಓಡು ಅಂತ. ಸತ್ತೋರಿಗೆ ಯಾರೂ ಓಡಲ್ಲ."

ಭವಾನಿ ಜೀಪಿನ ಕೀ ತಗೊಂಡಳು. "ಪುಟ್ಟಪ್ಪ, ನಾನು ಭದ್ರಾವತಿಗೆ ಹೋಗಿ ಬರ್ತೀನಿ. ಕೋರ್ಟಿಗೆ ಹೊರಡೋಕೆ ಮುಂಚೆ ನನಗೊಂದು ಫೋನ್ ಮಾಡಿ."

* * *

ಸೇತುವೆ ದಾಟಿ ಓಲ್ಡ್ ಟೌನಿನ ಬೀದಿಗೆ ತಿರುಗುವಾಗ ಭದ್ರಾ ನದಿ ಬಿಸಿಲಿಗೆ ತಗಡಿನ ಹಾಗೆ ಹೊಳೆಯಿತು. ದಾಕ್ಷಾಯಣಮ್ಮನ ಮನೆ ಬಾಗಿಲು ಅರೆ ತೆರೆದಿತ್ತು. ಎದುರು ಮನೆ ಜಗಲಿಯಲ್ಲಿ ಅಜ್ಜಿ ಉಚ್ಚಂಗಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಬೀದಿಯಲ್ಲಿ ನಡೆದದ್ದು ಇವರ ಕಣ್ಣು ತಪ್ಪಿಸಿ ನಡೆದಿರಲಾರದು. ಭವಾನಿ ಮೊದಲು ಅಲ್ಲಿಗೇ ಹೋಗಿ ಕೂತಳು.

"ಪೊಲೀಸಾ? ಬಾ ತಾಯಿ. ಪೊಲೀಸಾದ್ರೇನು, ಕೈ ಇದೆಯಲ್ಲ, ಸುಲಿ," ಅಂತ ಉಚ್ಚಂಗಮ್ಮ ಒಂದು ಹಿಡಿ ಕಾಯಿ ಮಡಿಲಿಗೆ ಸುರಿದರು.

ಭವಾನಿ ಸುಲಿಯತೊಡಗಿದಳು. "ಅವತ್ತು ಸುದ್ದಿ ಹೇಗೆ ಗೊತ್ತಾಯ್ತು ಅಜ್ಜಿ?"

"ದಾಕ್ಷಾಯಣಿ ಜಗಲಿಗೆ ಬಂದ್ಲು. ಕಂಬ ಹಿಡ್ಕೊಂಡ್ಲು. 'ನಮ್ಮ ದುಶ್ಯಂತ ಸೀರಿಯಸ್ ಅಂತೆ' ಅಂದ್ಲು. ಅಷ್ಟೇ, ಅಲ್ಲೇ ಕುಸಿದ್ಲು. ಅಷ್ಟು ಸಾಕಲ್ಲ, ನಮಗೆ ಗೊತ್ತಾಗಲ್ವಾ? ನಾನು ಒಲೆ ಆರಿಸ್ದೆ. ಮೂಲೆ ಮನೆಯವನು ಹಾರಕ್ಕೆ ಹೋದ. ಯಾರೋ ಬಟ್ಟೆ ತಂದ್ರು, ಯಾರೋ ಟೆಂಪೋ ಮಾಡಿದ್ರು."

"ಬದುಕಿದಾನೋ ಇಲ್ವೋ ಅಂತ ಯಾರೂ ಕೇಳಲಿಲ್ವಾ?"

"ಅಯ್ಯೋ ಮಾರಾಯ್ತಿ! ಒಡಹುಟ್ಟಿದೋಳ ಮುಂದೆ ನಿಂತು, ಸತ್ನೇನಮ್ಮಾ ಅಂತ ಕೇಳೋಕಾಗುತ್ತಾ? ನಿಮ್ಮಲ್ಲಿ ಕೇಳ್ತಾರಾ?"

ಇಲ್ಲ. ಅವಳ ಊರಲ್ಲೂ ಕೇಳುವುದಿಲ್ಲ.

"ಅವನ ಹೆಂಡ್ತಿ, ಆ ಹೆಣ್ಣು, ಆಮೇಲೂ ಫೋನ್ ಮಾಡ್ತಾನೇ ಇತ್ತು. ದಾಕ್ಷಾಯಣಿ ಫೋನು ಜಗಲಿ ಮೇಲೇ ಬಿದ್ದಿತ್ತು. ಒಬ್ಬೊಬ್ಬರು ಒಂದೊಂದು ಸಲ ಎತ್ತಿದ್ರು. ನಾನೂ ಎತ್ತಿದ್ದೆ." ಉಚ್ಚಂಗಮ್ಮನ ದನಿ ಇಳಿಯಿತು. "ರಕ್ತ, ರಕ್ತ ಅಂತ ಬಡ್ಕೊಳ್ತಿದ್ಲು ಪಾಪ. ರಕ್ತ ನೋಡಿ ಹೆದರಿಬಿಟ್ಟಿದಾಳೆ ಅಂದ್ಕೊಂಡೆ. 'ಧೈರ್ಯ ತಗೊ ಮಗಾ, ಎಲ್ಲರೂ ಹೊರಟಿದಾರೆ' ಅಂತ ಹೇಳಿ ಇಟ್ಟೆ. ಹೊಸದಾಗಿ ಕಳ್ಕೊಂಡೋಳ ಹತ್ರ ಇನ್ನೇನು ಮಾತಾಡೋದು?"

ಭವಾನಿಯ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಆ ಹೆಣ್ಣು ಬೇಡುತ್ತಿದ್ದದ್ದು ಏನನ್ನು ಅಂತ ಈ ಮುದುಕಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದ ದಿನ ಇವರು ನಿದ್ದೆ ಮಾಡುವುದಿಲ್ಲ.

"ಇನ್ನೊಂದು ಹೇಳ್ತೀನಿ, ನನ್ನ ಹೆಸರು ಎತ್ತಬಾರದು." ಉಚ್ಚಂಗಮ್ಮ ಎದುರು ಬಾಗಿಲ ಕಡೆ ಕಣ್ಣು ಹಾಯಿಸಿ ಹತ್ತಿರ ಸರಿದರು. "ಆ ಜಯಕುಮಾರ ಅವತ್ತು ಅಣ್ಣಾಚಿ ಹೋಟ್ಲಿಂದ ಇಡ್ಲಿ ಕಟ್ಟಿಸ್ಕೊಂಡು ಬಂದ!"

"ಇಡ್ಲಿ?"

"ಚಟ್ನಿ ಬೇರೆ. ಸೋಮವಾರ ದಾಕ್ಷಾಯಣಿ ದೀಪ ಹಚ್ಚೋ ತನಕ ನೀರು ಬಿಟ್ರೆ ಏನೂ ಮುಟ್ಟಲ್ಲ. ಆವಯ್ಯನೂ ಅವತ್ತು ಹೊರಗಿಂದು ಮನೆಗೆ ತರಲ್ಲ, ಅವಳ ಎದುರು ತಿನ್ನೋಕೆ ನಾಚಿಕೆ ಅಂತ. ಎಷ್ಟು ವರ್ಷದಿಂದ ನೋಡ್ತಿದೀನಿ! ಅಂಥದ್ರಲ್ಲಿ ಅವತ್ತೇ ಇಡ್ಲಿ."

"ದಾಕ್ಷಾಯಣಮ್ಮ ಜಗಲಿಗೆ ಬಂದು ಹೇಳೋಕೆ ಮುಂಚೆನೋ ಆಮೇಲೋ?"

"ಮುಂಚೆ. ಆಗ ನಮಗಿನ್ನೂ ಸುದ್ದಿ ಇಲ್ಲ. ಯಾರಿಗಪ್ಪಾ ಇಡ್ಲಿ ಅಂತ ಕೇಳಿದ್ದಕ್ಕೆ ಆಸಾಮಿ ತಿರುಗೂ ನೋಡ್ಲಿಲ್ಲ."

ಭವಾನಿ ಎದ್ದು ಮಡಿಲಿನ ಸಿಪ್ಪೆ ಕೊಡವಿದಳು. ಸೋಮವಾರದ ದಿನ ಆ ಮನೆಯೊಳಗೆ ಇಡ್ಲಿ ಹೋಗಬೇಕಾದರೆ, ತಿನ್ನಿಸಿ ಕರ್ಕೊಂಡು ಬನ್ನಿ ಅಂದ ನರ್ಸಿನ ಮಾತು ಯಾರದೋ ಕಿವಿಗೆ ಬಿದ್ದಿರಲೇಬೇಕು.

* * *

ಜಯಕುಮಾರ್ ಮೆಲುದನಿಯ ಮನುಷ್ಯ. ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಸಣ್ಣದೊಂದು ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಕಿಡಿ ಹಾರಿ ಸುಟ್ಟ ಕಲೆಗಳು ಮುಂಗೈ ತುಂಬ ಇದ್ದವು. ನಡುಮನೆಯಲ್ಲಿ ಕುರ್ಚಿ ಎಳೆದು, ಟವೆಲಿನಿಂದ ಒರೆಸಿ, ಕೂರಿಸಿದ.

"ಕಾಫಿ ಮಾಡ್ಲಾ ಮೇಡಂ? ಮನೆಯವಳು ಮಲಗಿದಾಳೆ."

"ಬೇಡ. ಒಂದೇ ಪ್ರಶ್ನೆ. ಅವತ್ತು ಫೋನಲ್ಲಿ ರಂಜಿನಿ ಏನಂದ್ಲು?"

"ಹೇಳಿದೀನಲ್ಲ. ಸೀರಿಯಸ್ ಅಂದ್ಲು."

"ಆಮೇಲೆ?"

"ಆಮೇಲೇನಿಲ್ಲ. ಅಳ್ತಿದ್ಲು."

"ಹಾಗಾದ್ರೆ ಸಾವಿನ ಸುದ್ದಿ ಕೇಳಿದೋರು ಇಡ್ಲಿ ತರೋಕೆ ಹೋಗಿದ್ದು ಯಾಕೆ ಜಯಕುಮಾರ್ ಅವರೇ? ಅದೂ ಸೋಮವಾರ?"

ಒಳಗೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಟವೆಲನ್ನು ನಾಲ್ಕು ಮಡಿಕೆ ಮಾಡಿದ. ಬಿಚ್ಚಿದ. ಮತ್ತೆ ಮಡಿಸಿದ.

"ಉಚ್ಚಂಗಮ್ಮ," ಅಂದ, ತನ್ನಷ್ಟಕ್ಕೆ.

"ಯಾರು ಹೇಳಿದ್ರು ಅನ್ನೋದು ಬಿಡಿ. ರಕ್ತ ಬೇಕು ಅಂತ ಅವಳು ಹೇಳಿದ್ಲು. ತಿನ್ನಿಸಿ ಕರ್ಕೊಂಡು ಬನ್ನಿ ಅಂತಾನೂ ಹೇಳಿದ್ಲು. ನೀವು ಇಡ್ಲಿ ತಂದ್ರಿ. ಆಮೇಲೆ ಆ ಮಾತನ್ನ ನುಂಗಿಬಿಟ್ಟು, ಉಳಿದ ಒಂದು ಪದವನ್ನ ಬೀದಿಗೆ ಬಿಟ್ರಿ. ಅದು ಸುಳ್ಳಲ್ಲ, ಅವಳು ಹೇಳಿದ್ದೇ. ಆದರೆ ಈ ಬೀದೀಲಿ ಆ ಪದ ಏನು ಕೆಲಸ ಮಾಡುತ್ತೆ ಅಂತ ನಿಮಗೆ ಗೊತ್ತಿತ್ತು."

"ಬೀದಿಗೆ ಬಿಟ್ಟಿದ್ದು ನಾನಲ್ಲ."

"ಮತ್ತೆ ಯಾರು?"

ಅವನು ಮಲಗುವ ಕೋಣೆಯ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ಎಲ್ಲ ಹೇಳ್ದೆ ಮೇಡಂ ಅವಳಿಗೆ. ಒಂದಕ್ಷರ ಬಿಡಲಿಲ್ಲ. 'ಏಳು, ತಮ್ಮನಿಗೆ ರಕ್ತ ಬೇಕಂತೆ' ಅಂದೆ. ಅವಳೇ ಅಂದ್ಲು, ಒಲೆ ಹಚ್ಚಿ ಕೂತ್ರೆ ಹೊತ್ತಾಗುತ್ತೆ, ಹೋಟ್ಲಿಂದ ತಗೊಂಬನ್ನಿ ಅಂತ. ತಂದೆ. ದೇವರಿಗೆ ಕೈ ಮುಗಿದು, ತಪ್ಪಾಯ್ತು ಅಂತ ಹೇಳಿ, ತಟ್ಟೆ ಮುಂದೆ ಕೂತ್ಲು. ಅರ್ಧ ತಿಂದಿದ್ಲು. ಅಷ್ಟರಲ್ಲಿ ಇನ್ನೊಂದು ಫೋನ್ ಬಂತು."

"ಯಾರದು?"

"ಗೊತ್ತಿಲ್ಲ. ಅವಳೇ ಎತ್ತಿದ್ಲು. ಕೇಳಿಸ್ಕೊಂಡ್ಲು, ಒಂದು ಮಾತೂ ಆಡಲಿಲ್ಲ. ಇಟ್ಟು, ತಟ್ಟೇಲೇ ಕೈ ತೊಳ್ಕೊಂಡ್ಲು. ಎದ್ದು ಜಗಲಿಗೆ ಹೋದ್ಲು." ಅವನ ದನಿ ಒಡೆಯಿತು. "ನಾನು ಬೈಕ್ ಹೊರಗೆ ತೆಗೀತಿದ್ದೆ ಮೇಡಂ. ತಿರುಗಿ ನೋಡಿದ್ರೆ ಬೀದಿಗೆ ಬೀದೀನೇ ಅಳ್ತಾ ಇತ್ತು."

"ಇಷ್ಟು ದಿನ ಯಾಕೆ ಮುಚ್ಚಿಟ್ರಿ?"

"ಹೆಂಡತಿ ಅಲ್ವಾ? ಹೊರಗೆ ಬಿದ್ರೆ ಜನ ಏನಂತಾರೆ? ರಕ್ತ ಕೊಟ್ಟು ಉಳಿಸಿದ ತಮ್ಮನಿಗೆ ರಕ್ತ ಕೊಡಲಿಲ್ಲ ಅಂತ..."

"ಅವರನ್ನ ಬಯ್ಯಬೇಡಿ."

ಕೋಣೆಯ ಬಾಗಿಲಲ್ಲಿ ದಾಕ್ಷಾಯಣಮ್ಮ ನಿಂತಿದ್ದಳು. ತಲೆಗೆ ಎಣ್ಣೆ ಕಂಡು ದಿನಗಳಾಗಿದ್ದವು. ಕಣ್ಣು ಎರಡೂ ಹಣ್ಣಾಗಿದ್ದವು. ಬಂದು ಗೋಡೆ ಬದಿಯ ಕುರ್ಚಿಯಲ್ಲಿ ಕೂತಳು.

ಭವಾನಿ ದನಿ ತಗ್ಗಿಸಿದಳು. "ಆ ಫೋನ್ ಯಾರದಮ್ಮಾ?"

"ನನ್ನ ತಮ್ಮಂದೇ."

ಜಯಕುಮಾರನ ಕೈಯಲ್ಲಿದ್ದ ಟವೆಲು ನಿಂತಿತು.

"ಅವನಿಗೆ ಪ್ರಜ್ಞೆ ಇತ್ತಾ?" ಅಂದ.

"ದನಿ ಬಾವಿಯೊಳಗಿಂದ ಬಂದಂಗಿತ್ತು. 'ಅಕ್ಕಾ, ಬರಬೇಡ. ಯಾರು ಕರೆದ್ರೂ ಹೊರಡಬೇಡ. ಬಂದ್ರೆ ನಿನ್ನನ್ನೂ...' ಅಂದ. ಕಟ್ಟಾಯ್ತು." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ನನಗೆ ಕೈಕಾಲು ಆಡಲಿಲ್ಲ. ಹೋಗಲ್ಲ ಅಂದ್ರೆ ಎಲ್ಲರೂ ಎಳ್ಕೊಂಡು ಹೋಗ್ತಿದ್ರು. ತಮ್ಮನಿಗೆ ರಕ್ತ ಕೊಡಲ್ವೇನೇ ಅಂತಿದ್ರು. ಅದಕ್ಕೆ ಆ ಒಂದು ಮಾತು ಹೇಳ್ದೆ. ಅದನ್ನ ಹೇಳಿದ ಮೇಲೆ ಯಾರೂ ಏನೂ ಕೇಳಲ್ಲ ಅಂತ ನನಗೆ ಗೊತ್ತಿತ್ತು."

"ಯಾವ ನಂಬರಿಂದ ಬಂತು?"

"ಅವಳದ್ದು. ರಂಜಿನೀದು." ದಾಕ್ಷಾಯಣಮ್ಮ ಮುಖ ಎತ್ತಿದಳು. "ಅದಕ್ಕೇ ದೂರು ಕೊಟ್ಟೆ ಮೇಡಂ. ಅವಳ ಕೈಯಿಂದಾನೇ ಫೋನ್ ಕಿತ್ಕೊಂಡು ಮಾತಾಡಿರಬೇಕು ನನ್ನ ಕಂದ. ನನಗೆ ಎಚ್ಚರಿಕೆ ಹೇಳೋಕೆ."

ಅವತ್ತು ಬೆಳಿಗ್ಗೆಯಿಂದ ರಂಜಿನಿ ಈ ನಂಬರಿಗೆ ಮಾಡಿದ ಫೋನುಗಳನ್ನೆಲ್ಲ ಭವಾನಿ ರಂಜಿನಿಯ ಪರವಾಗಿ ಪೋಣಿಸಿಟ್ಟಿದ್ದಳು. ಅವುಗಳ ನಡುವೆ ದುಶ್ಯಂತನ ದನಿಯೂ ಇತ್ತು. ರಂಜಿನಿ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಅದೇ ಹೊತ್ತಿಗೆ ಮೊಬೈಲ್ ಕುಣಿಯಿತು. ಪುಟ್ಟಪ್ಪ.

ಭವಾನಿ ಜಗಲಿಗೆ ಬಂದಳು.

"ಮೇಡಂ, ಸಾಹೇಬರು ಗಾಡಿ ಹತ್ತಿಸು ಅಂತಿದಾರೆ. ಏನ್ ಹೇಳ್ಲಿ?"

"ಫೋನ್ ರಂಜಿನಿ ಕೈಗೆ ಕೊಡಿ."

ಗಾಡಿಯ ಬಾಗಿಲು ಸದ್ದಾಯಿತು. ಆಮೇಲೆ ಒಂದು ಉಸಿರು.

"ದುಶ್ಯಂತ್ ನಿನ್ನ ಫೋನಿಂದ ಅಕ್ಕನ ಹತ್ರ ಮಾತಾಡಿದ್ರಾ?"

ರಂಜಿನಿ ತಡಮಾಡಲಿಲ್ಲ. "ಹೂಂ ಮೇಡಂ. ನಾನೇ ಕಿವಿಗೆ ಹಿಡ್ಕೊಂಡಿದ್ದೆ. ಅತ್ತಿಗೆ ಹೊರಟ್ರಾ ಅಂತ ಕೇಳೋಕೆ ಅಂತ ಹೇಳಿ ಮಾಡಿಸಿದ್ರು. ಅವರು ಬರಬೇಡ ಅಂದಾಗ ನಾನೇ ಫೋನ್ ಕಿತ್ಕೊಂಡೆ. ನನಗೆ ಇವರು ಬದುಕಬೇಕಿತ್ತು. ಅದಕ್ಕೇ ಆಮೇಲೂ ಮಾಡ್ತಾನೇ ಇದ್ದೆ. ಎತ್ತಿದೋರೆಲ್ಲ ಧೈರ್ಯ ತಗೊ ಅಂದ್ರು, ಯಾರೂ ಕೇಳಿಸ್ಕೊಳ್ಳಲಿಲ್ಲ."

"ನನಗ್ಯಾಕೆ ಹೇಳಲಿಲ್ಲ? ಜೈಲಿಗೆ ಹೋಗ್ತಿದೀಯ, ಗೊತ್ತಾಗ್ತಿದೆಯಾ?"

"ಮಗಳ ಮೇಲೆ ಆಣೆ ಹಾಕಿಸ್ಕೊಂಡ್ರು. ನಾನು ಬಾಯಿ ಬಿಟ್ರೆ ಅಕ್ಕ ಉಳಿಯಲ್ಲ ಅಂದ್ರು. ಹೋಗ್ತೀನಿ ಮೇಡಂ, ಜೈಲಿಗೇ ಹೋಗ್ತೀನಿ. ಮಗಳನ್ನ ನೋಡ್ಕೊಳ್ಳಿ." ಅವಳ ದನಿ ಒಮ್ಮೆಲೆ ಬದಲಾಯಿತು. "ನೀವು ಈಗ ಎಲ್ಲಿದೀರಿ?"

"ಓಲ್ಡ್ ಟೌನಲ್ಲಿ. ಅವರ ಮನೇಲೇ."

"ಅತ್ತಿಗೆ ಮಾತಾಡಿದ್ರಾ? ಇವರು ಏನಂದ್ರು ಅಂತ ನಿಮಗೆ ಹೇಳಿದ್ರಾ?"

"ಹೇಳಿದ್ರು."

"ಯಾರ ಎದುರಿಗೆ?"

"ಜಯಕುಮಾರ್ ಎದುರಿಗೇ," ಅಂದಳು ಭವಾನಿ. ಆ ಕಡೆ ರಂಜಿನಿ ಉಸಿರು ಬಿಗಿಹಿಡಿದಳು.

"ಮೇಡಂ, ಒಳಗೆ ಹೋಗಿ. ಅವರಿಬ್ಬರನ್ನೇ ಬಿಡಬೇಡಿ. ಇವರು ಬರಬೇಡ ಅಂದಿದ್ದು ಅಣ್ಣನಿಗೆ ಹೆದರಿ."

ಭವಾನಿ ತಿರುಗಿದಳು. ನಡುಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇರಲಿಲ್ಲ. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಆ ಮೆಲುದನಿ, ಮಗುವನ್ನು ಸಮಾಧಾನ ಮಾಡುವ ಹಾಗೆ, "ಮಲಗು, ಸ್ವಲ್ಪ ಹೊತ್ತು ಸುಮ್ನೆ ಮಲಗು" ಅನ್ನುತ್ತಿತ್ತು.

ಅದರ ಹಿಂದೆಯೇ ಚಿಲಕ ಬಿದ್ದ ಸದ್ದು ಕೇಳಿಸಿತು.